ಒಂದೇ ಕಂಬದ ಅಂಕಣ

ಪುಣೆಯಿಂದ ಭೋರ್ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ದೊಡ್ಡದೊಂದು ಅಪಾರ್ಟ್‌ಮೆಂಟ್ ಏಳುತ್ತಿತ್ತು. ಎರಡು ಸಾವಿರದ ಒಂಬತ್ತರ ಆ ಜುಲೈನಲ್ಲಿ ಮಳೆ ಹಿಡಿದದ್ದು ಬಿಡದೆ ಕೆಲಸ ನಿಂತುಹೋಗಿತ್ತು. ಸಂಜೆಯಾಗುತ್ತಲೇ ಯಾದಗಿರಿ ಕಡೆಯಿಂದ ಬಂದ ಕೂಲಿ ಹೆಂಗಸರೆಲ್ಲ ಸಾವಂತ್ರವ್ವನ ತಗಡಿನ ಮನೆಯಲ್ಲಿ ಬಂದು ಸೇರಿದ್ದರು, ಯಾಕೆಂದರೆ ಆ ಸಾಲಿನಲ್ಲಿ ಸೋರದೇ ಇದ್ದದ್ದು ಅದೊಂದೇ.

ಹೊಸದಾಗಿ ಮದುವೆಯಾಗಿ ಬಂದಿದ್ದ ತ್ರಿವೇಣಿ ಬಹಳ ಖುಷಿಯಲ್ಲಿದ್ದಳು. ಕೂಲಿಯವರನ್ನು ಊರಿಂದ ಕರೆತಂದ ಮುಕಾದಮ ಬಂದು, ಭಾನುವಾರ ಎಲ್ಲರನ್ನೂ ಟೆಂಪೋದಲ್ಲಿ ಪುಣೆ ಕ್ಯಾಂಪಿನ ಆಟದ ಮ್ಯೂಸಿಯಂಗೆ ಕರೆದೊಯ್ಯುತ್ತೇನೆ, ಅಲ್ಲಿಯ ವಾರ್ಷಿಕೋತ್ಸವಕ್ಕೆ ಕುರ್ಚಿ ತುಂಬಬೇಕು, ಊಟ ಅವರದೇ ಎಂದು ಹೇಳಿ ಹೋಗಿದ್ದ. ಅಲ್ಲಿ ಬರೀ ನೋಡುವುದಲ್ಲವಂತೆ, ಗುಂಡಿ ಒತ್ತಿದರೆ ಚೆಂಡು ಎದುರಿಗೆ ಬರುತ್ತದಂತೆ, ಖೋಖೋ ಅಂಕಣದಲ್ಲಿ ತಾವೇ ಕೂತು ಆಡಬಹುದಂತೆ, ಫೋಟೋ ಸಹ ತೆಗೆಯುತ್ತಾರಂತೆ. ನಾನಂತೂ ಕೂರುವವಳೇ ಎಂದಳು ತ್ರಿವೇಣಿ.

ಸಾವಂತ್ರವ್ವ ಒಲೆಯ ಮುಂದಿನಿಂದ ತಿರುಗಿದಳು. ಮುದುಕಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಇಂದಿನದು ಆ ಸಿಟ್ಟಲ್ಲ ಎಂದು ತ್ರಿವೇಣಿಗೆ ಆ ಮುಖ ನೋಡಿದ ಕೂಡಲೇ ತಿಳಿಯಿತು.

"ಅಲ್ಲಿ ಕೂಡ್ತಿ? ... ಅಲ್ಲಿ ಕುಂತಂವ ಒಬ್ಬ ಎಲ್ಲಿಗೆ ಹೋದ ಅಂತ ಮೊದ್ಲ ಕೇಳು. ಎಲ್ಲಾರೂ ಸನೇಕ ಬರ್ರಿ, ಈ ಮಳಿ ಸಪ್ಪಳದಾಗ ನಾ ಒದರಾಕ ವಲ್ಲೆ.

"ಒಳಗ ಹೋದ ಕೂಡ್ಲೆ ಒಂದು ದೊಡ್ಡ ಗ್ವಾಡಿ ಅದ, ಹೆಸರು ಮಾಡಿದ ಆಟಗಾರರ ಗ್ವಾಡಿ. ಅದರಾಗ ಒಂದು ಹುಡುಗಿ ಫೋಟೋ, ಕಂಬದ ಕಡೆ ಕೈ ಚಾಚಿ ಹಾರಿದ್ದು. ಕೆಳಗ ಕುಸುಮ ಅಂತ ಬರದಾರ. ಸುಳ್ಳು ಅದು. ಆಕಿ ನನ್ನ ಮಗಳು ತಿಪ್ಪವ್ವ. ಹಡದಾಕಿ ನಾನು, ನನಗ ಗೊತ್ತಿಲ್ಲೇನು?

"ತೊಂಬತ್ನಾಲ್ಕನೇ ಇಸ್ವಿ ಇದ್ದೀತು, ನಾವು ಇಲ್ಲೇ ಪುಣೆದ ಯೆರವಡಾದಾಗ ಇದ್ವಿ. ನಾನು ಬುಟ್ಟಿ ಹೊರೂದು, ಆಕಿ ಬಯಲಾಗ ಖೋಖೋ ಆಡೂದು. ಆಟ ಗೊತ್ತದಲ್ಲ? ಎಂಟು ಮಂದಿ ಸಾಲಾಗಿ ಕುಕ್ಕರಗಾಲ್ಲೆ ಕೂಡ್ತಾರ, ಒಬ್ಬಾಕಿ ಬೆನ್ನ ಹತ್ತಿ ಓಡ್ತಾಳ, ಆಕಿ ಬಂದು ಕುಂತಾಕಿ ಬೆನ್ನಿಗೆ ಬಡದು ಖೋ ಅಂದ್ಲಂದ್ರ ಕುಂತಾಕಿ ಏಳಬೇಕು... ಒಲ್ಲೆ ಅನ್ನಂಗಿಲ್ಲ. ಎದ್ದು ಯಾವ ಕಡೆ ಹೊಂಟಿಯೋ ಅದ ಕಡೆ ಓಡಬೇಕು, ಹಿಂದಕ ತಿರುಗಂಗಿಲ್ಲ. ಎರಡೂ ತುದಿಗೆ ಕಂಬ ಇರ್ತಾವ. ಕಂಬ ದಾಟಿದ ಮ್ಯಾಲಷ್ಟ ತಿರುಗೂದು.

"ಕ್ಯಾಂಪಿನಾಗ ಮಹಾಲಿಂಗಪ್ಪ ಅಂತ ಅರಿವಿ ಅಂಗಡ್ಯಾಂವ ಇದ್ದ, ಒಂದು ಕ್ಲಬ್ ನಡಸ್ತಿದ್ದ. ನಮ್ಮ ಭಾಷೆದಾಗ ಮಾತಾಡಿಸಿದ ಅಂತ ನಾವು ಕರಗಿ ಹೋದ್ವಿ, ಹುಡುಗಿನ ಅವನ ತಂಡಕ್ಕ ಕೊಟ್ವಿ. ಅಂವ ಏನು ಮಾಡಿದ? ಕಾಗದದಾಗ ತನ್ನ ಅಣ್ಣನ ಮಗಳು ಕುಸುಮನ ಹೆಸರು ಬರಸಿ, ಆ ಹೆಸರಿನ ಮ್ಯಾಲೆ ನನ್ನ ಮಗಳನ್ನ ಆಡಿಸಿದ. ಓಡೂದು ನನ್ನ ಮಗಳು, ಪದಕ ಅವರ ಮನಿಗೆ. ನಮಗದು ಗೊತ್ತಾಗಿದ್ದು ಯಾವಾಗ? ಆಕಿ ಸತ್ತ ಮ್ಯಾಲ."

ಸಾವಂತ್ರವ್ವ ಒಲೆಯೊಳಗಿನ ಕೊಳ್ಳಿಯನ್ನು ಎಷ್ಟು ಜೋರಾಗಿ ಮುಂದೆ ತಳ್ಳಿದಳೆಂದರೆ ಬೂದಿ ಹಾರಿತು.

"ಫೈನಲ್ ದಿವಸ ಕಂಬಕ್ಕ ಹಾರಿದಾಗ ತಲಿ ಬಡೀತು. ಆಟ ಗೆದ್ರು, ಆಕಿ ವಾಂತಿ ಮಾಡಕೊಂತ ಬಿದ್ದಿದ್ಲು. ದವಾಖಾನಿಗೆ ಒಯ್ಯೂಣು ಅಂತ ಹುಡುಗ್ಯಾರು ಅತ್ತರಂತ. ಒಯ್ದಿದ್ರ ಹೆಸರು ಕೇಳತಿದ್ರು, ಖರೇ ಹೆಸರು ಹೇಳಿದ್ರ ಗೆದ್ದ ಕಪ್ ಹೋಗತಿತ್ತು. ಅದಕ್ಕ ಆ ಪಾಪಿ ಅರಿವಿ ಬದಲಿಸೂ ಖೋಲ್ಯಾಗ ಆಕಿಗೆ ಚಾದರ ಹೊಚ್ಚಿ, ಸೋಡಾ ಕುಡಿಸಿ, ನಿದ್ದಿ ಮಾಡು ಆರಾಮ ಆಗ್ತದ ಅಂದ... ಮುಂಜಾನಿ ಹೆಣ ತಂದು ಇಳಿಸಿದ. ನಾನು ಕಂಡಕಂಡವರ ಬಾಗಲಾ ಬಡದೆ. ತಿಪ್ಪವ್ವ ಅನ್ನಾಕಿ ಆಡೇ ಇಲ್ಲ, ಆಡಲಾರದಾಕಿ ಆಡಿ ಹ್ಯಾಂಗ ಸಾಯ್ತಾಳ ಅಂದ್ರು. ಹ್ಯಾಂಗ ಸತ್ಲು? ನೀವ ಹೇಳ್ರಿ."

ತ್ರಿವೇಣಿ ತಲೆ ತಗ್ಗಿಸಿದಳು. ಭಾನುವಾರದ ಮಾತು ಎತ್ತಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಎರಡು ಸಾವಿರದ ಆರರಾಗ ಈ ಮ್ಯೂಸಿಯಂ ಶುರು ಮಾಡಿದ್ರು. ನಮ್ಮನ್ನೂ ಹಿಂಗ ಕುರ್ಚಿ ತುಂಬಾಕ ಟೆಂಪೋದಾಗ ಹೇರಕೊಂಡು ಹೋದ್ರು. ಅದು ಮಹಾಲಿಂಗಪ್ಪಂದು ಅಂತ ನನಗ ಗೊತ್ತಿರಲಿಲ್ಲ, ಗ್ವಾಡಿ ನೋಡೂತನಕ. ಏಳು ಗೊಂಬಿ ಸಾಲಾಗಿ ಕೂಡಿಸ್ಯಾರ, ಎಂಟನೇ ಜಾಗಾ ಖಾಲಿ. ಅಲ್ಲಿ ಯಾರರೆ ಕುಂತ್ರ ಹಿಂದಿನಿಂದ ರಬ್ಬರಿನ ಕೈ ಬಂದು ಬೆನ್ನಿಗೆ ಬಡೀತದ, ಮಷೀನು ಖೋ ಅಂತದ, ಅವರು ಎದ್ದು ಓಡಬೇಕು. ಆದ್ರ ಕಂಬ ಒಂದ ಒಂದು. ಇನ್ನೊಂದು ತುದಿಗೆ ಕಾಜಿನ ಬಾಗಲ ಇತ್ತು. ದೊಡ್ಡ ಮಂದಿ ಬರೂ ಹಾದಿಗೆ ಅಡ್ಡ ಆಗ್ತದಂತ ಆ ಕಡೆ ಕಂಬ ಮಹಾಲಿಂಗಪ್ಪ ತಾನ ತಗಸಿದ್ದ.

"ಇದು ನನ್ನ ಮಗಳ ಫೋಟೋ ಅಂತ ಎಲ್ಲಾರ ಮುಂದ ಒದರಿದೆ. ರಟ್ಟಿ ಹಿಡದು ಎಳದ್ರು. ಅಂವ ಬಂದು, ನಕ್ಕೋತ, ಕೈ ಮುಗದು ಏನಂದ ಗೊತ್ತೇನು? 'ಇವತ್ತು ಗದ್ಲ ಬ್ಯಾಡವ್ವ, ಊಟ ಮಾಡಿ ಹೋಗ್ರಿ.' ಹಿಂಗಂದು, ತಲಿಗೆ ಪೇಟಾ, ಹೆಗಲಿಗೆ ಶಾಲು, ಆ ಎಂಟನೇ ಜಾಗಾದಾಗ ಫೋಟೋಕ ಕುಂತ.

"ಕರೆಂಟ್ ಹೋತು... ಮಷೀನು ಬಂದ್ ಆತು... ರಬ್ಬರಿನ ಕೈ ಜೋತು ಬಿದ್ದಿತ್ತು, ನಾ ಕಣ್ಣಾರೆ ನೋಡೀನಿ. ಆದ್ರೂ ಅವನ ಬೆನ್ನ ಮ್ಯಾಲೆ ರಪ್ ಅಂತ ಬಿತ್ತು. ಖೋ... ಅದು ನನ್ನ ಮಗಳ ದನಿ. ತಾಯಿ ಮರೀತಾಳೇನು?

"ಎದ್ದ. ಆ ಹೊಟ್ಟಿ ಹೊತ್ಕೊಂಡು ಎದ್ದ. ಎದ್ದಾಗ ಬಾಗಲ ಕಡೆ ಮಾರಿ ತಿರುಗಿತ್ತು, ಅದ ಕಡೆ ಓಡಿದ, ಕಾಜು ಒಡಕೊಂಡು ಮಳ್ಯಾಗ ಹೋದ. ಹಿಡೀರಿ, ನನ್ನ ಹಿಡೀರಿ ಅಂತ ತಾನ ಚೀರ್ತಿದ್ದ, ಹಿಡಿದವರ ಕೈಯಾಗ ಶಾಲು ಅಷ್ಟ ಉಳೀತು. ಅಂವಗ ತಿರುಗಾಕ ಕಂಬ ಎಲ್ಲಿತ್ತು? ಮರುದಿನ ಭೋರ್ ಹತ್ರ ಹೆಣ ಸಿಕ್ತು, ಅಂಗಾಲಿನ ಚರ್ಮ ಇರಲಿಲ್ಲ. ಮಣ್ಣು ಮಾಡಿದ್ರು. ಹೆಣ ಮಣ್ಣಾತು... ಓಟ ನಿಂದ್ರಲಿಲ್ಲ.

"ಹೋದ ವಾರ ಅವನ ಹೇಣ್ತಿ ನರ್ಮದಾ ಇಲ್ಲೇ ಬಂದಿದ್ಲು, ಇದ ಹೊಸ್ತಿಲಕ. ಕಂಬ ಎಲ್ಲದ, ಕಂಬ ಎಲ್ಲದ ಅನ್ಕೊಂತ ಅಂವ ಓಡೂದನ್ನ ಲಾರಿಯವರು ನೋಡ್ಯಾರ, ನಿನ್ನ ಮಗಳಿಗೆ ಹೇಳಿ ಬಿಡಸು ಅಂತ ಕಾಲು ಹಿಡದ್ಲು. ಗ್ವಾಡಿ ಮ್ಯಾಲೆ ತಿಪ್ಪವ್ವ ಅಂತ ಬರಸ್ರಿ, ನನಗ ಮತ್ತೇನೂ ಬ್ಯಾಡ ಅಂದೆ. ಬರಸಿದ್ರ ಆ ಪದಕದ ಮ್ಯಾಲೆ ಸಿಕ್ಕ ಕುಸುಮನ ಸರ್ಕಾರಿ ನೌಕರಿ ಹೋಗ್ತದ ಅಂತ ಅತ್ಲು. ಹಂಗಾರ ಓಡ್ಲಿ ಅಂದೆ."

ರಸ್ತೆ ಬದಿಗೆ ನಾವೇ ಒಂದು ಕಂಬ ನೆಟ್ಟರೆ ಅವನು ತಿರುಗಿ ನಿಲ್ಲುವುದಿಲ್ಲವೇ ಎಂದು ತ್ರಿವೇಣಿ ಮೆಲ್ಲಗೆ ಕೇಳಿದಳು.

"ನಿಂತಾನು. ನಾ ಯಾಕ ನೆಡ್ಲಿ?"

ಹಾಗೆ ಅವಳು ಅನ್ನುವಷ್ಟರಲ್ಲಿ ಮಳೆ ಸ್ವಲ್ಪ ಇಳಿಯಿತು. ಆಗ ಎಲ್ಲರಿಗೂ ಕೇಳಿಸಿತು: ರಸ್ತೆಯಲ್ಲಿ ಬರಿಗಾಲು ನೀರಿಗೆ ಬಡಿಯುತ್ತಿದ್ದ ಸದ್ದು, ಅದರ ಜೊತೆ ದಪ್ಪ ಮನುಷ್ಯನ ಏದುಸಿರು. ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡರು. ಸಾವಂತ್ರವ್ವ ಮಾತ್ರ ಎದ್ದು ಹೋಗಿ ಬಾಗಿಲಿನ ತಗಡಿಗೆ ಮುಖ ಇಟ್ಟು ಕೂಗಿದಳು.

"ಮಹಾಲಿಂಗಪ್ಪ, ನನ್ನ ಮಗಳ ಹೆಸರು ಬರಸಿದ್ರೇನು?"

ಹೆಜ್ಜೆ ನಿಧಾನವಾಗಲಿಲ್ಲ, ಭೋರ್ ಕಡೆಗೆ ಸಾಗಿ ಕೇಳದಾಯಿತು. ಅವಳು ಮರಳಿ ಬಂದು ಒಲೆಯ ಮುಂದೆ ಕೂತಳು.

"ಇನ್ನೂ ಬರಸಿಲ್ಲ," ಎಂದಳು.