ಕರೆದರೆ ಓಗೊಡಬಾರದು

ವಿಮಾನ ನಿಲ್ದಾಣದ ಸಾಲಿನಲ್ಲಿ ಒಬ್ಬ ದರ್ಜಿಯ ಮುಂದೆ ನಿಂತಿದ್ದ ದಂಪತಿಯ ಬಳಿ ಉದ್ದನೆಯ ಕೋವಿಪೆಟ್ಟಿಗೆ ಇತ್ತು. ಕೋವಿ ಗಂಡನದೇ ಇರಬೇಕು ಎಂದುಕೊಂಡಿದ್ದ ದರ್ಜಿ, ಅವರ ಮಾತು ಕಿವಿಗೆ ಬಿದ್ದಮೇಲೆ ತಿದ್ದಿಕೊಂಡ.

“ಅಂತಾರಾಷ್ಟ್ರೀಯ ಪಂದ್ಯ, ನೆನಪಿರಲಿ. ಅಲ್ಲಿ ನಾನು ‘ರೀ’ ಅಂತ ಕೂಗಿದ್ರೆ ನೀವು ಬಾಯಿ ಬಿಡಬಾರದು.”

“ಎಲ್ಲರ ಥರ ‘ಹಾ’ ಅಂತ ಕೂಗೋಕೆ ನಿನಗೇನು ದಾಡಿ? ಯಾವ ಸದ್ದು ಕೇಳಿದ್ರೂ ಯಂತ್ರ ಗುರಿಯ ಮಣ್ಣಿನ ಬಿಲ್ಲೆನ ಗಾಳಿಗೆ ಹಾರಿಸುತ್ತೆ.”

“ಮನೆ ಹಿಂದಿನ ಬಯಲಲ್ಲಿ ಬಿಲ್ಲೆ ಎಸೀತಿದ್ದವರು ನೀವು. ನಿಮ್ಮನ್ನ ಕೂಗಿ ಕೂಗಿನೇ ಕಲಿತಿದ್ದು. ‘ರೀ’ ಅಂದ್ರೇನೇ ನನಗೆ ಗುರಿ ನಿಲ್ಲೋದು.”

“ಹಾಗಾದ್ರೆ ನಾನು ಓಗೊಟ್ರೆ ತಪ್ಪೇನು?”

“ಆಯ್ಕೆ ಪಂದ್ಯದಲ್ಲಿ ಆಗಿದ್ದು ಮರೆತ್ರಾ? ಒಂದನ್ನ ಹೊಡೆದು ಇನ್ನೂ ಗುಂಡು ತುಂಬ್ತಿದ್ದೆ, ಹಿಂದಿನಿಂದ ‘ಏನೇ?’ ಅಂದ್ರಿ. ಮುಂದಿನ ಬಿಲ್ಲೆ ಹಾರೇ ಹೋಯ್ತು!”

“ಮದುವೆ ಆದಾಗಿನ ಅಭ್ಯಾಸ ಕಣೇ. ಬಾಯಿ ತಾನಾಗೇ ತೆರ್ಕೊಳುತ್ತೆ.”

“ಹೊಲಿದುಕೊಳ್ಳಿ.”

ದರ್ಜಿ ನಗು ನುಂಗಿಕೊಂಡ.

ಅಷ್ಟರಲ್ಲಿ ಕೌಂಟರಿನಿಂದ ಕರೆ ಬಂತು. ಪೆಟ್ಟಿಗೆ ತಳ್ಳಿಕೊಂಡು ಮುಂದೆ ಹೋದ ಆಕೆ, ಪಾಸ್‌ಪೋರ್ಟ್ ಗಂಡನ ಜೇಬಿನಲ್ಲೇ ಉಳಿದದ್ದು ನೆನಪಾಗಿ ತಿರುಗಿದಳು.

“ರೀ!”

ಗಂಡ ತುಟಿ ಬಿಗಿಹಿಡಿದು ಕಲ್ಲಿನಂತೆ ನಿಂತ.

“ರೀ!”

ಅವನ ಮುಖ ಹೆಮ್ಮೆಯಿಂದ ಕೆಂಪಾಯಿತು. ತುಟಿ ಅಲುಗಲಿಲ್ಲ.

“ಬಂದೆ ಕಣೇ!” ಎಂದದ್ದು ದರ್ಜಿ.

ಸಾಲಿಗೆ ಸಾಲೇ ತಿರುಗಿ ನೋಡಿತು. ಹೆಂಡತಿಯ ಕೈಸನ್ನೆ ಕಂಡು ಪಾಸ್‌ಪೋರ್ಟ್ ಹಿಡಿದು ಹೊರಟ ಗಂಡ, ದರ್ಜಿಯ ಹೆಗಲು ತಟ್ಟಿದ.

“ಪುಣ್ಯಾತ್ಮ, ನೀವು ಮಾತ್ರ ಪಂದ್ಯ ನೋಡೋಕೆ ಬರಬೇಡಿ.”