ಆರು ಸೆಕೆಂಡಿನ ಲೆಕ್ಕ

ಅಲ್ಲ ಕಣಮ್ಮ, ನಿನ್ನೆ ಎಂಟು ಇದ್ದಿದ್ದು ಇವತ್ತು ನಾಲ್ಕು ಹೇಗಾಯ್ತು? ಬೋರ್ಡ್ ನೋಡ್ಕೊಂಡೇ ಕೇಳ್ತಿದ್ದೀನಿ. ಕನ್ನಡಕ ಇಲ್ಲದಿದ್ರೂ ನನ್ನ ಹೆಸರಿನ ಮುಂದೆ ಏನು ಬರೆದಿದ್ದೀಯ ಅಂತ ಕಾಣುತ್ತೆ! ಇಪ್ಪತ್ತೈದು ಮೀಟರು, ಜೋರಾಗಿ, ನಾಲ್ಕೇ ಸಲ. ಒಂದೊಂದು ಸಲ ಆದ್ಮೇಲೂ ಮೂರು ನಿಮಿಷ ಗೋಡೆ ಹಿಡ್ಕೊಂಡು ಸುಮ್ಮನೆ ನಿಲ್ಲೋದು. ನಾನೇನು ಈಜೋಕೆ ಬಂದವನೋ, ನೆನೆಯೋಕೆ ಹಾಕಿದ ಕಾಳೋ?

ಯಾಕೆ ನಗ್ತೀಯ? ನಗೋ ಮಾತಲ್ಲ ಇದು.

ಗೊತ್ತು, ಗೊತ್ತು, ನಿನ್ನ ಪಾಠ. ವಯಸ್ಸಾದ ಮೈಗೆ ಜೋರು ಕಡಿಮೆ ಇರಬೇಕು, ಬಿಡುವು ಜಾಸ್ತಿ ಇರಬೇಕು. ದಣಿದ ಭುಜ ವೇಗ ಕಲಿಯಲ್ಲ, ನೋವು ಕಲಿಯುತ್ತೆ... ಚೆನ್ನಾಗೇ ಹೇಳ್ತೀಯ. ಎಂಟು ವರ್ಷದವಳಿದ್ದಾಗ ಇದೇ ಪೂಲ್‌ನಲ್ಲಿ ನಿನ್ನ ಗದ್ದ ಹಿಡಿದು ತೇಲಿಸಿದವನು ನಾನು. ಈಗ ಶಾಲೆಯ ಡ್ರಿಲ್ ಮೇಷ್ಟ್ರಿಗೇ ನೀನು ಕೋಚ್. ಆಗಲಿ, ಸಂತೋಷ. ಆದ್ರೆ ಹೊಸದಾಗಿ ಸೇರಿದ ಆ ಟೈಲರ್‌ಗೆ ಯಾಕೆ ಎಂಟು? ಹೇಳು! ನಂಗೆ ನಾಲ್ಕು, ಅವನಿಗೆ ಎಂಟು!

ನಾನೇ ಹೇಳ್ಲಾ? ಭಾನುವಾರ ಹಿರಿಯರ ರಿಲೇ ಇದೆ. ಕೊನೆಯ ಐವತ್ತು ಮೀಟರು ನಂದು. ಹನ್ನೊಂದು ವರ್ಷದಿಂದ ನಂದೇ. ಟೈಲರ್ ಬಂದು ಆರು ವಾರ ಆಗಿಲ್ಲ, ಅರವತ್ತಮೂರರ ಎಳೆಗೂಸು, ಬಂದ ದಿನದಿಂದ ನನ್ನ ಜಾಗದ ಅಳತೆ ತಗೊಳ್ತಿದ್ದಾನೆ. ನಿನ್ನೆ ನೀವಿಬ್ರೂ ಅಲ್ಲಿ, ಆ ಬೆಂಚ್ ಹತ್ರ, ಗುಸುಗುಸು... ನಾನು ನೀರಿಂದ ತಲೆ ಎತ್ತಿದ್ದೇ ತಡ, ಇಬ್ರೂ ಗಪ್‌ಚುಪ್! ನಾನೇನು ಕುರುಡನಾ?

ಇಲ್ಲ ಅಂತ ತಲೆ ಆಡಿಸ್ಬೇಡ, ಬಾಯಲ್ಲಿ ಹೇಳು. ಟೈಲರ್ ಅಲ್ವಾ? ಹಾಗಾದ್ರೆ ನಮ್ಮನೆಯವಳು. ಅವಳೇ ಫೋನ್ ಮಾಡಿರ್ತಾಳೆ. ಬುಧವಾರ ನನ್ನ ಈಜು ಕನ್ನಡಕ ಅಟ್ಟದ ಮೇಲೆ ಸಿಕ್ತು. ಅದಕ್ಕೇನು ಕಾಲಿದ್ಯಾ, ತಾನಾಗೇ ಹತ್ತೋಕೆ? ಮಂಗಳವಾರ ಮನೆಗೆ ಹೋಗಿ ಮೆಟ್ಟಿಲ ಮೇಲೆ ಎರಡು ನಿಮಿಷ ಕೂತೆ, ಅಷ್ಟಕ್ಕೇ ಅವಳಿಗೆ ಅನುಮಾನ. ಚಪ್ಪಲಿ ಸರಿ ಮಾಡ್ಕೊಳ್ತಿದ್ದೆ ಕಣೇ! ಕೂತ್ಕೊಳ್ಳೋದೂ ತಪ್ಪಾ?

ಏನದು ಕಾಗದ? ಓ... ಈ ವಾರದ್ದು. ನನ್ನ ನಾಡಿ ಲೆಕ್ಕ. ಮೂರು ನಿಮಿಷ ನಿಂತ್ಮೇಲೆ ಆರು ಸೆಕೆಂಡು ಎಣಿಸಿ ಹೇಳ್ಬೇಕು, ಹತ್ತಕ್ಕಿಂತ ಜಾಸ್ತಿ ಬಂದ್ರೆ ಆ ದಿನ ಮುಂದೆ ಈಜೋ ಹಾಗಿಲ್ಲ. ಹೇಳಿದ್ದೀನಲ್ಲ! ನೋಡು. ಹತ್ತು, ಹತ್ತು, ಹತ್ತು, ಹತ್ತು...

ಹೂಂ, ಎಲ್ಲಾ ಹತ್ತೇ. ತಪ್ಪೇನು? ಡ್ರಿಲ್ ಮೇಷ್ಟ್ರ ಹೃದಯ, ಸಾಲಾಗಿ ನಿಲ್ಲುತ್ತೆ! ಟೈಲರ್‌ದು ನೋಡು... ಒಂಬತ್ತು, ಹತ್ತು, ಎಂಟು, ಒಂಬತ್ತು. ಶಿಸ್ತೇ ಇಲ್ಲ.

ಯಾಕೆ ಹಾಗೆ ನೋಡ್ತೀಯ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಕೊಳ್ಳಲಿ? ನಾನು ಸುಳ್ಳು ಹೇಳ್ತೀನಾ? ನಿನ್ನ ಹತ್ರ?

ಕೈ ಯಾಕೆ? ಎಣಿಸ್ತೀಯಾ? ಓಹೋ, ಪರೀಕ್ಷೆ! ಎಣಿಸು, ಧಾರಾಳವಾಗಿ ಎಣಿಸು. ಮೂರನೇ ಸಲ ಈಜಿ ಬಂದು ನಿಂತು ನಿಂಜೊತೆ ಜಗಳ ಆಡ್ತಾ ಐದು ನಿಮಿಷ ಆಯ್ತು. ಹತ್ತಕ್ಕಿಂತ ಕಡಿಮೇನೇ ಬರುತ್ತೆ. ಗಡಿಯಾರ ನೋಡ್ಕೋ, ಮೋಸ ಮಾಡ್ಬೇಡ. ಟೈಲರ್‌ನೂ ಕರಿ, ಸಾಕ್ಷಿಗೆ...

ಆಯ್ತಾ?

ಆರು ಸೆಕೆಂಡು ಆಗ್ಹೋಯ್ತಲ್ಲ. ಮತ್ತೆ ಯಾಕೆ ಮೊದಲಿಂದ ಎಣಿಸ್ತೀಯ? ಸಿಟ್ಟಲ್ಲಿದ್ದೆ, ಒಂದೆರಡು ಹೆಚ್ಚು ಇರ್ಬಹುದು. ನೀನೇ ತಾನೇ ಸಿಟ್ಟು ಬರ್ಸಿದ್ದು!

ಮುಳ್ಳು ಒಂದು ಪೂರ್ತಿ ಸುತ್ತು ಬಂತು ಕಣಮ್ಮ... ಬೆರಳು ಸರಿಯಾಗಿ ಇಟ್ಕೊಂಡಿದ್ದೀಯ ತಾನೇ? ಏನಾದ್ರೂ ಅನ್ನು. ಬೈಯಿ. ಟೈಲರ್‌ನ ಹಾಕ್ತೀನಿ, ನೀವು ಬೇಡ ಮೇಷ್ಟ್ರೇ ಅನ್ನು. ಅದಾದ್ರೂ ಅನ್ನು...

ಎಷ್ಟು ಬಂತು?

ಬೇಡ, ಹೇಳ್ಬೇಡ. ನಂಗೊತ್ತು. ಮಂಗಳವಾರದಿಂದ ಗೊತ್ತು. ಎರಡು ಬಡಿಯುತ್ತೆ, ನಿಲ್ಲುತ್ತೆ... ಆಮೇಲೆ ನಾಲ್ಕೈದು ಒಟ್ಟಿಗೇ ನುಗ್ಗುತ್ತೆ. ಹೆದರಿಕೆ ಆಗುತ್ತೆ ಕಣೇ. ಎಣಿಸೋಕೇ ಆಗಲ್ಲ. ಎಣಿಸೋಕೆ ಆಗ್ಲಿಲ್ಲ ಅಂತಲೇ ಹತ್ತು ಅಂದೆ.