ಲೂರ್ದಮ್ಮನ ಅಭ್ಯಂಗ

ಹಾಲ್ಕುರಿಕೆ ಕಡೆಯಿಂದ ಎದ್ದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ. ಕೊಬ್ಬರಿಯ ಕರಟ ಬಿಡಿಸಲು ಬಂದಿದ್ದ ಹೆಂಗಸರು ಶೆಡ್ಡಿನಲ್ಲೇ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತರು. ಕರೆಂಟು ಹೋಗಿತ್ತು. ಹೋದ ವರ್ಷವಷ್ಟೇ ಈ ಊರಿಗೆ ಸೊಸೆಯಾಗಿ ಬಂದಿದ್ದ ಸುಷ್ಮಿತಾಗೆ ಬೇಸರ ಕಳೆಯಬೇಕಿತ್ತು.

"ರಾಮಜ್ಜಿ, ನಿನ್ ಓರಗೆಯೋರ ದೆವ್ವ ಯಾವ್ದಾದ್ರೂ ಇದ್ರೆ ಒಂದು ಕತೆ ಹೇಳು."

ಎಲ್ಲರೂ ನಕ್ಕರು. ಮುದುಕಿ ರಾಮಕ್ಕನೂ ನಕ್ಕಳು.

"ಐತೆ ಕಣೇ, ನನ್ ಓರಗೆಯೋಳೇ. ನರ್ಸಮ್ಮ ಲೂರ್ದಮ್ಮ ಅಂತ. ನಿನ್ ಗಂಡನ ಹೊಕ್ಕುಳಬಳ್ಳಿ ಕೊಯ್ದೋಳು ಅವ್ಳೇಯ. ಈ ಊರಲ್ಲಿ ಕಿರಸ್ತಾನದೋಳು ಅಂದ್ರೆ ಅವ್ಳೊಬ್ಳೇ... ಹಿಂದಿಲ್ಲ, ಮುಂದಿಲ್ಲ. ಹಾಸಿಗೆ ಹಿಡಿದಾಗ ನನ್ ಕೈ ಹಿಡ್ಕಂಡು ಒಂದೇ ಮಾತು ಕೇಳಿದ್ಲು, 'ರಾಮಕ್ಕ, ಸಾಯೋ ಹೊತ್ನಲ್ಲಿ ನನ್ನ ಒಬ್ಳನ್ನೇ ಬುಡಬ್ಯಾಡ' ಅಂತ. ಆಯ್ತು ಕಣವ್ವ ಅಂತ ಮಾತು ಕೊಟ್ಟೆ.

"ತಿಪಟೂರಿಂದ ಪಾದ್ರಿಗಳು ಬಂದ್ರು. ಏನೋ ಪ್ರಾರ್ಥನೆ ಓದಿ, ಹೆಬ್ಬೆಟ್ಟಲ್ಲಿ ಅವ್ಳ ಹಣೆಗೆ, ಎರಡೂ ಅಂಗೈಗೆ ಎಣ್ಣೆ ಹಚ್ಚಿದ್ರು... ಅವ್ಳ ಮುಖ ಎಷ್ಟು ತಣ್ಣಗಾಯ್ತು ಅಂತೀರಾ! ಹೊರಡೋವಾಗ ಪಾದ್ರಿಗಳು, 'ಅಭ್ಯಂಗ ಆಯ್ತು ತಾಯಿ, ಇನ್ನು ನೀವು ಜೊತೆಗಿರಿ' ಅಂದ್ರು. ಅಭ್ಯಂಗ ಅಂದ್ರೆ ನಾವೇನು ತಿಳ್ಕೋತೀವಿ, ಹೇಳ್ರವ್ವ? ಎಣ್ಣೆ ಹಚ್ಚಿದ್ ಮ್ಯಾಲೆ ಬಿಸ್ನೀರು ಹುಯ್ಯದೆ ಬುಟ್ಟೇವಾ? ಓಡ್ದೆ ನಮ್ಮನೆಗೆ. ಒಲೆಗೆ ತೆಂಗಿನ ಮಟ್ಟೆ ತುರುಕಿ, ಹಂಡೆ ಕಾಯ್ಸಿ, ಸೀಗೆಪುಡಿ ಕಲಸ್ಕಂಡು ಬಕೀಟು ಎತ್ಕೊಂಡು ಬರೋವತ್ಗೆ... ಹೋಗ್ಬುಟ್ಟಿದ್ಲು. ಮುಖ ಬಾಗ್ಲು ಕಡೀಕೇ ಇತ್ತು. ಅಂಗೈಯಲ್ಲಿ ಎಣ್ಣೆ ಇನ್ನೂ ಹೊಳೀತಿತ್ತು."

ತಗಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು.

"ಮಣ್ಣು ಮಾಡಾಕೆ ಬಂದಾಗ ಪಾದ್ರಿಗಳು ಬಯ್ಯಲಿಲ್ಲ. 'ನಮ್ಮಲ್ಲಿ ಸಾಯೋರಿಗೆ ಎಣ್ಣೆ ಮುಟ್ಟಿಸಿ ಪ್ರಾರ್ಥಿಸೋದೇ ಅಭ್ಯಂಗ, ಅದಕ್ಕೆ ನೀರು ಬೇಕಿರಲಿಲ್ಲ ತಾಯಿ' ಅಂದ್ರು, ಅಷ್ಟೇ. ಅವತ್ತಿಂದ ಊರಲ್ಲಿ ಯಾರು ಸಾಯೋ ಹಂಗಿದ್ರೂ ಹೋಗಿ ಜೊತೇಲಿ ಕೂರ್ತೀನಿ. ಆದ್ರೆ ನಾ ಹೋಗೋದ್ರೊಳಗೆ ತಲೆದೆಸೇಲಿ ಅವ್ಳು ಕೂತಿರ್ತಾಳೆ... ನರ್ಸಮ್ಮನಾಗಿದ್ದಾಗ ಉಡ್ತಿದ್ದ ಅದೇ ನೀಲಿ ಅಂಚಿನ ಸೀರೆ. ನನ್ ಕಣ್ಣಿಗೆ ಮಾತ್ರ. ಹುಚ್ಚಕ್ಕ ಹೋಗೋವಾಗ್ಲೂ ಇದ್ಲು, ಸಣ್ಣತಿಮ್ಮಯ್ಯ ಹೋಗೋವಾಗ್ಲೂ ಇದ್ಲು. ಯಾರ್ನೂ ಹೆದರಿಸಾಕಿಲ್ಲ, ಸುಮ್ನೆ ಕೂತಿರ್ತಾಳೆ. ಅವ್ಳು ಬಂದು ಕೂತ ಮ್ಯಾಲೆ ಮೂರು ದಿನ ದಾಟಿದೋರಿಲ್ಲ."

ಸುಷ್ಮಿತಾಗೆ ನಗಬೇಕೆನಿಸಿತು, ಆಗಲಿಲ್ಲ. ಮಳೆ ಹನಿಗೆ ಇಳಿದಿತ್ತು. ರಾಮಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದಳು.

"ಒಬ್ಳೇ ಎಲ್ಗಜ್ಜಿ? ನಮ್ಮನೇಲೇ ಇದ್ಬುಡು," ಎಂದು ಸುಷ್ಮಿತಾ ಅವಳ ಕೈ ಹಿಡಿದಳು. ಕೈ ಬೆಚ್ಚಗಿತ್ತು, ಗಟ್ಟಿಯಾಗಿತ್ತು, ಇಡೀ ದಿನ ದುಡಿದ ಕೈ.

"ಬ್ಯಾಡ ಕಣವ್ವ. ನಂಗೆ ಕಾಯ್ಲೆಯಿಲ್ಲ, ಕಸಾಲೆಯಿಲ್ಲ... ಆದ್ರೂ ಮೊನ್ನೆಯಿಂದ ಅವ್ಳು ಬಂದು ನಮ್ಮನೇಲಿ ಕೂತವ್ಳೆ. ಅವತ್ತು ಒಬ್ಳನ್ನೇ ಬುಟ್ಟು ಹೋಗಿದ್ದೆ. ಇವತ್ತೂ ಬುಡಕಾಯ್ತದಾ?"